ದಾವಲಣ್ಣ ಮತ್ತು ಎಂಟು ತೂತಿನ ಪೆಟ್ಟಿಗೆ

ಮೈಕ್ ಪರೀಕ್ಷಿಸುವಾಗ ದಾವಲಣ್ಣ ಕನ್ನಡಕ ತೆಗೆಯುತ್ತಿದ್ದನೋ, ಟೊಪ್ಪಿಗೆಯನ್ನೋ, ಆಣೆ ಮಾಡಿ ಹೇಳಲಾರೆ. ಕಿವಿಗೆ ಅಡ್ಡ ಬರುತ್ತದೆಂದು ಏನನ್ನೋ ತೆಗೆದು ಜೇಬಿಗೆ ಹಾಕುತ್ತಿದ್ದುದು ನೆನಪಿದೆ. ಅವನಿಗೆ ಕನ್ನಡಕವೇ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಈಗ ನನ್ನ ಮೇಲೇ ನಂಬಿಕೆ ಕುದುರುತ್ತಿಲ್ಲ.

ಗಜೇಂದ್ರಗಡದಲ್ಲಿ ಅವನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಅವನದೇ ಮೈಕು. ಆದರೆ ಒಮ್ಮೆಯೂ ‘ಹಲೋ ಹಲೋ’ ಎಂದವನಲ್ಲ. ಮೈಕ್ ಹಚ್ಚಿ, ಎಲ್ಲರನ್ನೂ ಸುಮ್ಮನಿರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. “ಹಲೋ ಅಂದ್ರ ನನ್ನ ದನಿ ಕೇಳತೈತಿ. ಮೈಕಿನ ದನಿ ಯಾವಾಗ ಕೇಳೋದು?” ಕರೆಂಟ್ ಹೋಯಿತೆಂದು ಮದುವೆ ಮನೆಯವರು ಗಾಬರಿಯಾಗುತ್ತಿದ್ದರು.

ನರೇಗಲ್ಲಿನ ನಮ್ಮ ಮನೆಯ ಒಂದು ಕೋಣೆಯನ್ನು ನಾನು ಸ್ಟುಡಿಯೋ ಮಾಡಿಕೊಂಡಿದ್ದೆ. ಅಲ್ಲಿನ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ, ಕೆಟ್ಟಿತು. ಅದೇ ಹೊತ್ತಿಗೆ ಸೋದರತ್ತೆ ಸಂಗವ್ವನಿಗೆ ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಶನ್ ನಿಗದಿಯಾಯಿತು. ಆಮೇಲೆ ಹಾಡಲು ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಅವಳ ಸೋಬಾನ ಪದಗಳನ್ನು ಹಿಡಿದಿಡಲು ಇದ್ದದ್ದು ಎಂಟೇ ದಿನ. ಮೈಕಿನ ವೈರು ಸಿಕ್ಕಿಸುವ ಎರಡು ತೂತಿನ ಪೆಟ್ಟಿಗೆ ತರಿಸಲೋ ಎಂಟು ತೂತಿನದೋ ಎಂದು ಕೋಷ್ಟಕ ಬರೆಯುವುದರಲ್ಲೇ ಅದರಲ್ಲಿ ಮೂರು ಕಳೆದೆ.

ಸಲಹೆ ಕೇಳಲು ಅಂಗಡಿಗೆ ಒಯ್ದಾಗ ದಾವಲಣ್ಣ ಆ ಕೋಷ್ಟಕವನ್ನು ತಿರುವಿ ತಿರುವಿ ನೋಡಿದ. “ಎಂಟ ತೂತ ಯಾಕೋ ತಮ್ಮಾ?”

“ಹಾಡಾವ್ರು ಐದ ಮಂದಿ ಅದಾರ್ರಿ. ಒಬ್ಬೊಬ್ಬರಿಗೆ ಒಂದ ಮೈಕ್. ಆಮ್ಯಾಲ ಬ್ಯಾರೆ ಬ್ಯಾರೆ ತಿದ್ದಬಹುದು.”

“ಸಂಗವ್ವಾರನ್ನ ತಿದ್ದತೀ? ಅವರ ಮುಂದ ಈ ಮಾತ ಆಡಿ ನೋಡು, ಲಟ್ಟಣಗಿ ತಗೋತಾರ. ಎರಡ ಸಾಕು.”

ಎಂಟರದನ್ನೇ ತರಿಸಿದೆ.

ಭಾನುವಾರ ಐದು ಹೆಂಗಸರನ್ನು ಮೂಲೆ ಮೂಲೆಗೆ ಕೂಡಿಸಿ, ಅವರ ಕಿವಿಗೆ ಹೆಡ್‌ಫೋನ್ ಹಾಕಿ, ರೆಕಾರ್ಡಿಂಗ್ ಶುರು ಮಾಡಿದೆ. ಅತ್ತೆ ಮೊದಲ ನುಡಿ ಹಾಡಿದಳು. ಮುಂದಿನದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮತ್ತೆ ಹಾಡಿದಳು, ಉಳಿದವರು ಮುಖ ಮುಖ ನೋಡಿಕೊಂಡರು. ಮೂರನೆಯ ಸಲಕ್ಕೆ ಅವಳ ದನಿ ಒಡೆಯತೊಡಗಿತು.

ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ದಾವಲಣ್ಣ ಅಂದ: “ಸಂಗವ್ವಾರ ಕೈಗೆ ಯಾರ ಮೊಣಕಾಲೂ ಸಿಗವಲ್ತು ನೋಡೋ, ಶಾಣ್ಯಾ!”

ನುಡಿ ಮುಗಿಸಿದವಳು ಪಕ್ಕದವಳ ಮೊಣಕಾಲು ತಟ್ಟಿ ಹಾಡು ದಾಟಿಸುವುದು ಅವರ ರೂಢಿ. ಹುಟ್ಟಿದಾಗಿನಿಂದ ಆ ಹಾಡು ಕೇಳಿದ ನನಗೆ ಅದು ಹೊಳೆದಿರಲಿಲ್ಲ. ಜಮಖಾನ ಹಾಸಿ ಐವರೂ ಒತ್ತೊತ್ತಾಗಿ ಕೂತರು. ನಡುವೆ ಒಂದು ಮೈಕ್, ಅತ್ತೆಯ ಬಳಿ ಇನ್ನೊಂದು. ಸಂಜೆಯೊಳಗೆ ಎಲ್ಲ ಪದಗಳೂ ಬಂದವು.

“ಉಳದ ಆರ ತೂತಿನ್ಯಾಗ ಇರವಿ ಸಾಕ್ಕೋ,” ಎನ್ನುತ್ತ ದಾವಲಣ್ಣ ಬೈಕ್ ಹತ್ತಿದ. ಅದೇ ಕೊನೆಯ ಭೇಟಿ. ಹೃದಯಾಘಾತದಿಂದ ಅವನು ಹೋದ ಸುದ್ದಿ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಅತ್ತೆಯ ಹಾಸಿಗೆಯ ಪಕ್ಕದಲ್ಲಿದ್ದೆ. ಅತ್ತೆ ಈಗ ಮಾತಾಡುತ್ತಾಳೆ, ಬೈಯುತ್ತಾಳೆ, ಹಾಡುವುದಿಲ್ಲ.

ಈಚೆಗೆ ಇದನ್ನು ನಾಲ್ಕು ಜನರಿಗೆ ಹೇಳುವಾಗ, ಮೈಕ್ ಸರಿಸಿದ ಉಪಾಯ ಹೇಗೋ ನನ್ನದಾಗತೊಡಗಿತ್ತು. ಹೆಂಡತಿ ನಕ್ಕಳು. ಸಂಶಯ ಬಂದು ಆ ದಿನದ ಮೂಲ ರೆಕಾರ್ಡಿಂಗ್ ತೆರೆದೆ. ಹಾಡು ಮತ್ತೆ ಶುರುವಾಗುವ ಮುಂಚೆ ಮೈಕ್ ಸ್ಟ್ಯಾಂಡ್ ನೆಲಕ್ಕೆ ಉಜ್ಜುವ ಸದ್ದಿದೆ. ಅದರ ಮೇಲೆ, ಸ್ಪಷ್ಟವಾಗಿ, ನನ್ನ ದನಿ: “ಅಣ್ಣಾ, ಅದನ್ನ ಮುಟ್ಟಬ್ಯಾಡ್ರಿ!”