ಕಾಕಾನಿಗೆ ನಾನು ಓದಿ ಹೇಳದ ಪತ್ರ

ಮಲ್ಲೇಶಿ, ನಿನ್ನ ಪತ್ರವನ್ನು ನಾನು ನಿನ್ನ ಅಪ್ಪನಿಗೆ ಓದಿ ಹೇಳಲಿಲ್ಲ. ಹರಿದು ಹಾಕಿದೆ. ಕಾಕಾ ನಿನ್ನನ್ನು ಕ್ಷಮಿಸಿದರೆಂದು ಹೇಳಿದ್ದು ಸುಳ್ಳು — ಹತ್ತು ವರ್ಷದಿಂದ ನೀನು ನಂಬಿಕೊಂಡು ಬಂದಿರುವ ಸುಳ್ಳು.

ಕೈಮಗ್ಗದ ಪ್ರದರ್ಶನದಲ್ಲಿ ಇಳಕಲ್ ಸೀರೆ ನೇಯ್ದು ತೋರಿಸಲೆಂದು ನನ್ನನ್ನು ಲಂಡನ್ನಿಗೆ ಕರೆದೊಯ್ದಿದ್ದರು. ನೀನು ಅಲ್ಲಿ ಕಾನೂನು ಓದುತ್ತಿದ್ದೆ. ನಿನ್ನ ಕೋಣೆಯಲ್ಲಿ ನೀನೇ ನನಗೆ ಅನ್ನ, ಸಾರು ಮಾಡಿ ಬಡಿಸಿದೆ; ಖಾರ ಸಾಲದೆಂದು ನೀನೇ ನಕ್ಕೆ. ಎರಡು ದಿನದಲ್ಲಿ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಯಲ್ಲಿದ್ದದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೇಳುತ್ತ ನಿನ್ನ ದನಿ ಏರಿತು. ಮರುದಿನ ನೀನು ಗೆಳೆಯರೊಡನೆ ಬೀದಿಯಲ್ಲಿ ಅದರ ವಿರುದ್ಧ ಫಲಕ ಹಿಡಿದು ನಿಂತೆ. ನಾನು ರಸ್ತೆಯ ಆಚೆ ಬದಿಗೆ, ನಿನ್ನ ಪರಿಚಯವೇ ಇಲ್ಲದವನಂತೆ ನಿಂತಿದ್ದೆ. ನೀನು ಅದನ್ನು ನೋಡಿದೆ.

ನಾನು ಹೊರಡುವ ದಿನ, ಎರಡು ವರ್ಷದಿಂದ ಅಪ್ಪನಿಗೆ ಒಂದಕ್ಷರ ಬರೆಯದಿದ್ದ ನೀನು, ಅಂಟಿಸಿದ ಲಕೋಟೆಯೊಂದನ್ನು ನನ್ನ ಕೈಗಿಟ್ಟೆ.

"ಟಪಾಲಿಗೆ ಹಾಕಿದ್ರ ಒಡದು ಓದ್ತಾರ. ಅಪ್ಪಗ ಓದಾಕ ಬರೂದಿಲ್ಲ, ನೀನ ಓದಿ ಹೇಳು ಈರಣ್ಣ. 'ನೀನ ಆ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ನೇಕೊಂತ ಸಾಯಿ' ಅಂತ ಅಂದು ಬಂದೇನಿ ನಾ. ತಪ್ಪಾತು ಅಂತ ಬರದೇನಿ."

"ಮುಟ್ಟಸ್ತೇನಿ, ಚಿಂತಿ ಮಾಡಬ್ಯಾಡ ಲೇ" ಎಂದೆ.

ವಿಮಾನದಲ್ಲಿ ನಮ್ಮ ತಂಡದ ಅಧಿಕಾರಿ, ಗಲಾಟೆಯವರ ಕಾಗದಪತ್ರ ಯಾರ ಹತ್ತಿರವಾದರೂ ಸಿಕ್ಕರೆ ಮುಂಬೈಯಲ್ಲೇ ಹಿಡಿಯುತ್ತಾರೆ ಎಂದ. ನನ್ನನ್ನೇ ನೋಡಿ ಅಂದನೋ, ನನಗೆ ಹಾಗೆ ಕಂಡಿತೋ... ಮನೆಯಲ್ಲಿ ಹೆಂಡತಿ, ಮಕ್ಕಳು — ಇಲ್ಲ, ಅವರನ್ನು ಇದರಲ್ಲಿ ಎಳೆಯಬಾರದು. ಹೆದರಿದವನು ನಾನು. ಶೌಚಾಲಯಕ್ಕೆ ಹೋಗಿ ಪತ್ರವನ್ನು ಚೂರುಚೂರು ಮಾಡಿ ನೀರು ಬಿಟ್ಟೆ.

ಮುಂಬೈಯಲ್ಲಿ ನನ್ನ ಚೀಲವನ್ನು ಯಾರೂ ಮುಟ್ಟಿ ನೋಡಲಿಲ್ಲ.

ಪತ್ರ ಹೋದರೇನು, ಮಾತು ನನ್ನ ಬಾಯಲ್ಲಿತ್ತಲ್ಲ! ಇಳಕಲ್ ಬಸ್‌ಸ್ಟ್ಯಾಂಡಿಗೇ ಬಂದಿದ್ದರು ನಿನ್ನ ಅಪ್ಪ, ಗುರಪ್ಪ ಕಾಕಾ.

"ಚೀಟಿ ಕೊಟ್ಟಾನೇನೋ?"

ಕೊಟ್ಟಿದ್ದಾನೆಂದರೆ ತೋರಿಸು ಎನ್ನುತ್ತಾರೆ. ಏಕೆ ಹರಿದೆ ಎನ್ನುತ್ತಾರೆ. ನೀನು ಬೀದಿಯಲ್ಲಿ ನಿಂತದ್ದು, ನಾನು ಜೊತೆಗಿದ್ದದ್ದು ಓಣಿಗೆಲ್ಲ ಗೊತ್ತಾಗುತ್ತದೆ —

"ಇಲ್ರಿ ಕಾಕಾ."

"ಬಾಯಿಲೆ ಏನರೆ ಹೇಳ್ಯಾನೇನು?"

"ಏನೂ ಇಲ್ರಿ. ಆರಾಮ ಅದಾನ."

ಅವರು ನನ್ನ ಚೀಲವನ್ನೇ ನೋಡುತ್ತ ನಿಂತರು. "ಹಂಗಾರ ಸಿಟ್ಟು ಇನ್ನಾ ಇಳದಿಲ್ಲ ಅವಂದು" ಎಂದರು.

ಮೂರು ತಿಂಗಳಿಗೆ ಎದೆನೋವಿನಿಂದ ತೀರಿಕೊಂಡರು. ಅಷ್ಟೂ ದಿನ ನಾನು ಅವರ ಮನೆಯ ಮುಂದೆಯೇ ಓಡಾಡಿದೆ. ಒಂದು ಸಂಜೆ ಹೇಳಿಬಿಡಬೇಕೆಂದೇ ಹೋದೆ. ನೂಲಿನ ಮಾತಾಡಿ ಎದ್ದು ಬಂದೆ.

ಚುನಾವಣೆ ಮುಗಿದು ಸರಕಾರ ಬದಲಾದ ಮೇಲೆ ನೀನು ಊರಿಗೆ ಬಂದೆ. ಸೀದಾ ನಮ್ಮ ಮನೆಗೆ. ಚಹಾ ಮುಟ್ಟದೆ ಕೇಳಿದೆ: "ಅಪ್ಪ ಏನಂದ?"

"ಮೂರು ಸಲ ಓದಿಸಿಕೊಂಡ್ರು. 'ಸಿಟ್ಟಿನಾಗ ಅಂದಾನ, ನಾ ಮನಸಿನ್ಯಾಗ ಇಟ್ಕೊಂಡಿಲ್ಲ' ಅಂದ್ರು."

ನೀನು ನನ್ನ ಹೆಗಲಿಗೆ ತಲೆಯಿಟ್ಟು ಅತ್ತೆ. ನಾನು ನಿನ್ನ ಬೆನ್ನು ಸವರುತ್ತ ಕುಳಿತಿದ್ದೆ — ಹೌದು, ಅದನ್ನೂ ಮಾಡಿದೆ.

ಹೋದ ವಾರ ಕಚೇರಿ ಕೆಲಸಕ್ಕೆ, ನೀನೀಗ ಇರುವ ಹುನಗುಂದಕ್ಕೆ ಬಂದ ನಾನು ನಿನ್ನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ನೀನು ನಿನ್ನ ಮಗಳಿಗೆ ಹೇಳುತ್ತಿದ್ದೆ: "ನಿಮ್ಮಜ್ಜಂದು ಭಾಳ ದೊಡ್ಡ ಮನಸವ್ವಾ. ಬೇಕಾದ್ರ ಈರಣ್ಣ ಕಾಕಾನ್ನ ಕೇಳು."

ಆ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಕೈ ತೊಳೆದೆ.

ಸುಳ್ಳಾದರೂ ನಿನಗೆ ನೆಮ್ಮದಿ ಕೊಟ್ಟಿದೆ, ಇರಲಿ ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೆ. ಈಗ ನೋಡಿದರೆ ಅದೂ ಹೆದರಿಕೆಯೇ. ನಿನ್ನ ಅಪ್ಪ ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಬಗ್ಗೆ ನಿಜವಾಗಿ ಆಡಿದ ಮಾತು ಯಾವುದೋ ಅದು ನಿನಗೆ ಗೊತ್ತಿರಬೇಕು, ಎಷ್ಟೇ ಸುಡಲಿ.

ಭಾನುವಾರ ಬರುತ್ತೇನೆ. ಮಗಳೂ ಮನೆಯಲ್ಲಿರಲಿ, ಅವಳಿಗೆ ನಾನೇ ಹೇಳುತ್ತೇನೆ. ನಿನ್ನ ಕ್ಷಮೆ ಕೇಳಲು ನನಗೆ ಬಾಯಿಲ್ಲ. ನೀನು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಕುಳಿತಿದ್ದು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತೇನೆ.