ಬಾದಶಹನ ದಂಡು ಯಾರಿಗೆ?

ಹೆಬ್ಬೆರಳಿಗಿಂತ ಚಿಕ್ಕದಾದ ತವರದ ಸಿಪಾಯಿಗಳ ಕಾಲಡಿಗೆ ಮೆತ್ತಲೆಂದು ಕಳೆದ ತಿಂಗಳು ಒಂದು ಹಿಡಿ ಎರೆಮಣ್ಣು ನೆನೆಸಿದೆ. ದೇವಾಪುರದ ಹೊಲದಿಂದ ತಮ್ಮ ತಂದುಕೊಟ್ಟ ಮಣ್ಣು. ನೀರು ಬಿದ್ದದ್ದೇ ತಡ, ಅದರ ವಾಸನೆ ಯಾದಗಿರಿಯ ಈ ಬಾಡಿಗೆ ಮನೆಯನ್ನೆಲ್ಲ ತುಂಬಿತು. ಕಲಸುತ್ತಿದ್ದ ಕೈ ಹಾಗೇ ನಿಂತಿತು... ಸುರಪುರದ ನಮ್ಮ ಓಣಿಯ ಗಿರಣಿ ಅತ್ತಿ ಬಂದು ಎದುರಿಗೆ ಕುಳಿತಂತಾಯಿತು.

ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಪುಟ್ಟ ಗೊಂಬೆಗಳಿಟ್ಟು ಆಡುವ ಹವ್ಯಾಸ ನನ್ನದು. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಆಫೀಸಿನಲ್ಲಿ ನಗುತ್ತಾರೆ. ನಗಲಿ. ಈ ಆಟದಲ್ಲಿ ಮೊದಲ ಕೆಲಸ ಎದುರುಬದುರಾಗುವ ಎರಡು ದಂಡುಗಳನ್ನು ಆರಿಸುವುದು. ದೂರದೇಶದ ರಾಜರ ದಂಡುಗಳು ತಯಾರಾಗಿಯೇ ಸಿಗುತ್ತವೆ. ನನಗೆ ಬೇಕಾದದ್ದು ನಮ್ಮೂರ ಹತ್ತಿರದ ವಾಗಣಗೇರಾ ಕೋಟೆ. ಒಳಗೆ ಸುರಪುರವನ್ನಾಳಿದ ನಮ್ಮ ನಾಯಕರ ಮಂದಿ, ಹೊರಗೆ ದಿಲ್ಲಿ ಬಾದಶಹನ ದಂಡು. ನಾಯಕರ ಕಡೆಯವರಿಗೆ ಬಣ್ಣ ಹಚ್ಚಿ ಎಷ್ಟೋ ದಿನವಾಗಿತ್ತು. ಬಾದಶಹನ ದಂಡು ಮಾತ್ರ ಡಬ್ಬಿಯಲ್ಲೇ ಇತ್ತು. ಕೊಂಡವಳು ನಾನೇ ಆದರೂ ನನ್ನ ಲೆಕ್ಕದಲ್ಲಿ ಆ ಕಡೆ ಅತ್ತಿಯದು. ಹೊರಗೆ ತೆಗೆದರೆ ಅವಳ ಜಾಗದಲ್ಲಿ ಯಾರಾದರೂ ಕೂರಬೇಕಲ್ಲ... ಅದಕ್ಕೆ ನನಗೆ ಮನಸ್ಸಾಗುತ್ತಿರಲಿಲ್ಲ.

ಅತ್ತಿ ನಮಗೆ ರಕ್ತಸಂಬಂಧಿಯಲ್ಲ. ಓಣಿಯಲ್ಲಿ ಜೋಳ ಬೀಸುವ ಗಿರಣಿ ನಡೆಸುತ್ತಿದ್ದಳು. ಹುಬ್ಬಿನ ಮೇಲೆ ಸದಾ ಹಿಟ್ಟು, ಬಾಯಿ ಮೋಟರಿಗಿಂತ ಜೋರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡಿ, ಉಳಿದ ಮಣ್ಣಿನಲ್ಲಿ ನಮಗೆ ಸಿಪಾಯಿ, ಕುದುರೆ, ಆನೆ ಮಾಡಿಕೊಡುತ್ತಿದ್ದಳು. ನಾಯಕರ ಮಂದಿ ಕಪ್ಪಗೇ ಇರುತ್ತಿದ್ದರು. ಬಾದಶಹನ ಮಂದಿಯನ್ನು ಗಿರಣಿಯಲ್ಲಿ ಗುಡಿಸಿದ ಹಿಟ್ಟಿನಲ್ಲಿ ಹೊರಳಿಸಿ ಬೆಳ್ಳಗೆ ಮಾಡುತ್ತಿದ್ದಳು. ಅಂಗಳದಲ್ಲಿ ಇಟ್ಟಂಗಿಗಳ ಮೇಲೆ ಕೂರಿಸಿದ್ದ ಸವೆದ ಗಿರಣಿ ಕಲ್ಲೇ ಕೋಟೆ. ಅದರ ನಡುವೆ ಅಂಗೈಯಗಲದ ತೂತು. ಕವಡೆ ಎಸೆಯುವುದು, ಎಷ್ಟು ಅಂಗಾತ ಬಿದ್ದವೋ ಅಷ್ಟು ವೈರಿಗಳನ್ನು ಮಲಗಿಸುವುದು, ಇಷ್ಟೇ ಆಟ. ಕರೆಂಟು ಹೋಗಿ ಗಿರಣಿ ನಿಂತಾಗಲೇ ಅವಳಿಗೆ ಇದಕ್ಕೆಲ್ಲ ಪುರಸೊತ್ತು. ಮೋಟರಿನ ಸದ್ದು ಕೇಳದಿದ್ದರೆ ಗಿರಾಕಿಗಳು ಆ ಕಡೆ ಸುಳಿಯುತ್ತಲೇ ಇರಲಿಲ್ಲ.

ಜಗಳ ಶುರುವಾಗುತ್ತಿದ್ದದ್ದು ದಂಡು ಆರಿಸುವಾಗ. ಬಾದಶಹನಾಗಲು ನಾವು ಯಾರೂ ಒಪ್ಪುತ್ತಿರಲಿಲ್ಲ. ಸುರಪುರದಲ್ಲಿ ಹುಟ್ಟಿ ನಾಯಕರ ಕೋಟೆ ಮುರಿಯಲು ಹೋಗುವುದೇ? ಕೊನೆಗೆ ಅತ್ತಿಯೇ ಆ ಕಡೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು.

“ಎದುರ ಕುಂದ್ರಾಕ ಒಬ್ರು ಬೇಕಲ್ಲೇನ? ನಾನೂ ನಿಮ್ಮ ಕಡೀನ ಬಂದ್ರ ನೀವು ಯಾರ ಮ್ಯಾಲ ಗೆಲ್ತೀರಿ?”

ಹಾಗೆಂದು ಬಿಟ್ಟುಕೊಡುವ ಪೈಕಿಯಲ್ಲ. ಮಕ್ಕಳೆಂದು ಒಂದು ಕವಡೆಯನ್ನೂ ಮಾಫಿ ಮಾಡುತ್ತಿರಲಿಲ್ಲ. ಯಾರಾದರೂ ಅತ್ತರೆ, “ಅಳೂದಿದ್ರ ಮನಿಗಿ ಹೋಗಿ ಅಳು, ಇಲ್ಲಿ ಮಣ್ಣು ಹಸಿ ಆಗ್ತದ,” ಎನ್ನುತ್ತಿದ್ದಳು. ಅವಳನ್ನು ಸೋಲಿಸಿದವರು ಓಣಿಯಲ್ಲಿ ಇರಲಿಲ್ಲ.

ಒಂದು ವರ್ಷ ನನ್ನ ಸರದಿ ಬಂತು. ಕೋಟೆಯ ಮೇಲೆ ನನ್ನವರು ಬೆರಳೆಣಿಕೆಯಷ್ಟು ಉಳಿದಿದ್ದರು. ಸುತ್ತಲೂ ಬೆಳ್ಳನೆಯ ದಂಡು. ಅಳಬಾರದೆಂದು ಹಲ್ಲು ಕಚ್ಚಿ ಕುಳಿತಿದ್ದೆ. ಅತ್ತಿ ಕವಡೆ ಕುಲುಕುತ್ತ ಕುಲುಕುತ್ತ ತಟ್ಟನೆ ಕೈ ನಿಲ್ಲಿಸಿ, “ತಡೀ, ಯಾರೋ ಗಿರಾಕಿ ಬಂದಂಗದ,” ಎಂದು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನನಗೆ ಏನು ತೋಚಿತೋ, ಕಲ್ಲಿನ ಕೆಳಗೆ ಅಂಗೈ ಒಡ್ಡಿ, ತೂತಿನಿಂದ ನನ್ನ ಮಂದಿಯನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡು ಲಂಗದ ಮಡಿಲಿಗೆ ತುಂಬಿಕೊಂಡೆ.

ಅತ್ತಿ ಬಂದಳು. ಕವಡೆ ಎಸೆದಳು. ಬಾದಶಹನನ್ನು ಆನೆ ಸಮೇತ ಕೋಟೆಗೆ ಏರಿಸಿದರೆ ಅಲ್ಲಿ ನರಪಿಳ್ಳೆಯೂ ಇಲ್ಲ. ಮೋಸ ಎಂದು ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಖರೇ ನಾಯಕರೂ ಹಿಂಗ ಮಾಡ್ಯಾರ ನೋಡು. ಕೋಟಿ ಬಿಟ್ಟು ಮಂದೀನ ಉಳಿಸ್ಕೊಂಡ್ರು. ಬಾದಶಾಗ ಸಿಕ್ಕಿದ್ದು ಖಾಲಿ ಗೋಡಿ. ಗೆದ್ದೀ ಯವ್ವಾ, ಗೆದ್ದಿ!”

ಗಿರಣಿ ಅತ್ತಿಯನ್ನು ಸೋಲಿಸಿದವಳು ಎಂಬ ಜಂಬ ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ.

ಹಬ್ಬ ಮುಗಿದ ಮೇಲೆ ಎತ್ತುಗಳ ಜೊತೆ ಎರಡೂ ದಂಡು ಹಳ್ಳದ ನೀರಿಗೆ ಹೋಗುತ್ತಿದ್ದವು. ಹಾಗಾಗಿ ಅವಳ ಕೈಯ ಒಂದು ಸಿಪಾಯಿಯೂ ನನ್ನ ಬಳಿ ಉಳಿದಿಲ್ಲ. ನನಗೆ ನೌಕರಿ ಸಿಕ್ಕಿ ಯಾದಗಿರಿಗೆ ಬಂದ ಮೇಲೆ ಅವಳು ಹಾಸಿಗೆ ಹಿಡಿದಳು. ಶಹಾಪುರದ ತಂಗಿಯ ಮನೆಯಲ್ಲಿದ್ದವಳನ್ನು ನೋಡಲು ಹೋದಾಗ ನನ್ನ ಕೈ ಹಿಡಿದು, “ನಾ ಏಳ್ಲಿ ತಡಿ. ಈ ಸಲ ಆ ತೂತಿಗಿ ಹಿಟ್ಟು ಮೆತ್ತಿ ಕುಂದ್ರತೀನಿ,” ಎಂದಳು. ಏಳಲಿಲ್ಲ...

ಮೊನ್ನೆ ರಜೆಗೆ ತಮ್ಮನ ಮಗಳು ಬಂದಳು. ಮೇಜಿನ ಮೇಲಿದ್ದ ಸಿಪಾಯಿಗಳನ್ನು ಕಂಡವಳೇ, “ಅತ್ತೀ, ನಾಯಕರ ದಂಡು ನಂದು!” ಎಂದಳು.

“ಹಂಗಾದ್ರ ಬಾದಶಾ ಯಾರಾಗಬೇಕು?”

“ನಂಗೇನ್ ಗೊತ್ತು? ನೀನ ಆಗು.”

ಡಬ್ಬಿ ತೆರೆದೆ. ಬಣ್ಣ ಹಚ್ಚುವಷ್ಟು ಅವಳಿಗೆ ತಾಳ್ಮೆಯೆಲ್ಲಿ? ಅಡುಗೆಮನೆಯಿಂದ ಜೋಳದ ಹಿಟ್ಟು ತಂದು ಬಾದಶಹನ ದಂಡಿನ ಮೇಲೆ ಉದುರಿಸಿದೆ. ಅವ್ವನ ಬೀಸುಕಲ್ಲಿನ ಮೇಲುಕಲ್ಲನ್ನು ಎರಡು ಇಟ್ಟಂಗಿಯ ಮೇಲಿಟ್ಟೆ, ಕೋಟೆಯಾಯಿತು. ಚಕ್ಕಳಮಕ್ಕಳ ಹಾಕಿ ಈ ಕಡೆ ಕುಳಿತೆ. ಕವಡೆಗಳು ಹಾಳಾಗಿ ಹೋಗಲಿ, ನನಗೇ ಅಂಗಾತ ಬೀಳತೊಡಗಿದವು. ಹುಡುಗಿಯ ಮಂದಿ ಕರಗುತ್ತ ಬಂದರು. ಅವಳ ಕೆಳದುಟಿ ನಡುಗುತ್ತಿತ್ತು. ಕಣ್ಣು ಮಾತ್ರ ಕಲ್ಲಿನ ನಡುವಿನ ತೂತಿನ ಮೇಲೆ ಹೋಗಿ ನಿಂತಿತ್ತು.

“ತಡೀ, ಒಲಿ ಮ್ಯಾಲ ಹಾಲಿಟ್ಟೀನಿ,” ಎಂದು ಎದ್ದು ಒಳಗೆ ಹೋದೆ.

ಒಲೆ ಹೊತ್ತಿಸಿಯೇ ಇರಲಿಲ್ಲ. ಆ ತಣ್ಣನೆಯ ಒಲೆಯ ಮುಂದೆ ನಿಂತಾಗ ಹೊಳೆಯಿತು. ಅವತ್ತು ಕರೆಂಟಿರಲಿಲ್ಲ. ಗಿರಣಿ ನಿಂತಿತ್ತು. ಯಾವ ಗಿರಾಕಿ ಬಂದಿದ್ದ?

ಕೇಳೋಣವೆಂದರೆ ಅತ್ತಿ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊರಗೆ ತವರದ ಸಿಪಾಯಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅದು ನಿಲ್ಲುವವರೆಗೆ ಒಳಗೇ ನಿಂತೆ.