ಕುಸುಮಮ್ಮ ತಡಮಾಡಿದ ಫೋನು

ಬಸವೇಶ್ವರನಗರದ ಕುಸುಮಮ್ಮನಿಗೆ ಕೇಳುವುದೇ ಕಸುಬಾಗಿತ್ತು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಆಚೆಯವರು ಹಲೋ ಅಂದರೆ ಸಾಕು, ಹಸಿದಿದ್ದಾರೋ, ಸಿಟ್ಟಾಗಿದ್ದಾರೋ, ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೋ ಹೇಳಿಬಿಡುತ್ತಿದ್ದಳು. ಕಾರ್ಖಾನೆ ಮುಚ್ಚಿತು, ಗಂಡನೂ ಹೋದ. ಮನೆಯಲ್ಲಿ ಉಳಿದವರು ಅವಳು, ಬ್ಯಾಂಕಿನ ಕೆಲಸಕ್ಕೆ ಹೋಗುವ ಮಗಳು ಕೀರ್ತನಾ. ಅಮ್ಮ ದಿನವಿಡೀ ಗೋಡೆ ನೋಡುತ್ತಾ ಕೂರುವುದು ಬೇಡವೆಂದು ಮಗಳೇ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಸೇರಿ ಬರೆಯುವ ಕನ್ನಡದ ವಿಶ್ವಕೋಶವನ್ನು ತೋರಿಸಿಕೊಟ್ಟಳು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ತಿದ್ದುವವರು ಇದ್ದ ಮೇಲೆ ಜಗಳವೂ ಇರಬೇಕಲ್ಲ.

ಜಗಳ ಅಂದರೆ ಎಂತೆಂಥವು! ಒಂದು ಕೆರೆ ಯಾವ ಊರಿನದು ಅಂತ ಎರಡು ಊರಿನವರು ತಿಂಗಳುಗಟ್ಟಲೆ ಕಿತ್ತಾಡಿದ್ದುಂಟು. ಕುಸುಮಮ್ಮ ಚರ್ಚೆಯ ಪುಟದಲ್ಲಿ ಇಬ್ಬರ ಮಾತನ್ನೂ ಓದುವಳು, ಕೇಳಬೇಕಾದ್ದನ್ನು ಕೇಳುವಳು, ಕೊನೆಗೆ ಇಬ್ಬರೂ ಒಪ್ಪುವಂಥ ಒಂದು ವಾಕ್ಯ ಹುಡುಕಿಕೊಡುವಳು. ಆರು ವರ್ಷದಲ್ಲಿ ಅವಳನ್ನು ನಿರ್ವಾಹಕಿ ಮಾಡಿದರು. ಪುಟಕ್ಕೆ ಬೀಗ ಹಾಕುವ, ಜಗಳಗಂಟರನ್ನು ಕೆಲವು ದಿನ ಹೊರಗಿಡುವ ಅಧಿಕಾರ ಅದು.

ಒಂದು ಕಟ್ಟಳೆಯನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. ಮಾತು ಏನಿದ್ದರೂ ಚರ್ಚೆಯ ಪುಟದಲ್ಲೇ, ನಾಲ್ಕು ಜನರ ಕಣ್ಣೆದುರಿಗೆ. ಫೋನಿನಲ್ಲಿ ಗುಟ್ಟಾಗಿ ಮಾತಾಡಿ ತೀರ್ಮಾನ ಮಾಡುವ ಹಾಗಿಲ್ಲ.

"ದನಿ ಕೇಳಿದ್ರೆ ಮನಸ್ಸು ಕರಗಿಬಿಡುತ್ತೆ ಕಣೇ," ಎನ್ನುತ್ತಿದ್ದಳು ಮಗಳಿಗೆ. "ಅಕ್ಷರ ನೋಡಿದ್ರೇನೇ ನ್ಯಾಯ ಕಾಣೋದು."

ಹೀಗಿರುವಾಗ ಗೌರಿ ಮಿಲ್ಲಿನ ಪುಟದಲ್ಲಿ ಜಗಳ ಎದ್ದಿತು. ಮೈಸೂರು ರಸ್ತೆಯ ಕಡೆ ಹಿಂದೆ ಇದ್ದ ಬಟ್ಟೆ ಗಿರಣಿ ಅದು. ನಲವತ್ತು ವರ್ಷದ ಹಿಂದೆ ಅಲ್ಲಿ ಬಾಯ್ಲರ್ ಸಿಡಿದು ಮೂವರು ಸತ್ತರು ಎಂದು ಪುಟದಲ್ಲಿತ್ತು. ತಿಮ್ಮಯ್ಯ ಅನ್ನುವವರು ಬಂದು ಮೂವರು ಅನ್ನುವುದನ್ನು ನಾಲ್ವರು ಎಂದು ತಿದ್ದಿ, ಕೊನೆಯಲ್ಲಿ ಕಸ್ತೂರೆವ್ವ ಎಂದು ಒಂದು ಹೆಸರು ಸೇರಿಸಿದರು. ಕೆಂಗೇರಿಯ ಇತಿಹಾಸದ ಮೇಷ್ಟ್ರು ವೆಂಕಟಗಿರಿ ಅದನ್ನು ಅಳಿಸಿದರು. ತಿಮ್ಮಯ್ಯ ಮತ್ತೆ ಸೇರಿಸಿದರು. ಮೇಷ್ಟ್ರು ಮತ್ತೆ ಅಳಿಸಿದರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದು ಚರ್ಚೆಯಲ್ಲಿ ಬರೆದರು ಮೇಷ್ಟ್ರು. "ಎರಡು ಪತ್ರಿಕೆಯಲ್ಲೂ ಮೂರೇ ಜನ ಅಂತಿದೆ. ನಿಮ್ಮ ಆಧಾರ ತೋರಿಸಿ ಸಾರ್."

"ನಾನೇ ಆಧಾರ. ಆ ಮಿಲ್ಲಿನ ಟೈಮ್ ಆಫೀಸಲ್ಲಿ ಹಾಜರಿ ಬರೀತಿದ್ದವನು ನಾನು."

"ನಾಳೆ ಇನ್ನೊಬ್ರು ಬಂದು ಐದು ಜನ ಅಂದ್ರೆ ಅವರನ್ನೂ ನಂಬೋಣ್ವಾ?"

"ಆಗ ನೀನು ಹುಟ್ಟಿದ್ಯೇನಯ್ಯಾ?"

"ಅಶೋಕನ ಕಾಲದಲ್ಲೂ ನಾನು ಹುಟ್ಟಿರ್ಲಿಲ್ಲ ಸಾರ್. ಪಾಠ ಮಾಡ್ತಾ ಇಲ್ವಾ?"

ಕುಸುಮಮ್ಮ ಓದಿ ನಕ್ಕಳು. ಆಮೇಲೆ ನಡುವೆ ಬಂದು ತಿಮ್ಮಯ್ಯನವರನ್ನು ಕೇಳಿದಳು: ಯೂನಿಯನ್ನಿನ ಕರಪತ್ರವೋ, ಕೋರ್ಟಿನ ಕಾಗದವೋ, ಅಚ್ಚಾದದ್ದು ಏನಾದರೂ ಇದೆಯೇ?

ಉತ್ತರ ಬರಲು ಅರ್ಧ ದಿನ ಹಿಡಿಯಿತು. "ಅಚ್ಚಾಗಿದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ತಾಯಿ. ನಾನು ಹೋಗೋದ್ರೊಳಗೆ ಅವಳ ಹೆಸರು ಒಂದು ಕಡೆ ಬರ್ಬೇಕು, ಅಷ್ಟೇ. ಮಿಕ್ಕಿದ್ದು ಇಲ್ಲಿ ಬರೆಯೋ ಮಾತಲ್ಲ. ನನ್ನ ನಂಬರ್ ಹಾಕಿದೀನಿ. ಎರಡು ನಿಮಿಷ, ಒಂದು ಫೋನ್ ಮಾಡಿ."

ಊರಿಗೆಲ್ಲ ಕಾಣುವ ಕಡೆ ವಯಸ್ಸಾದವರ ಫೋನ್ ನಂಬರು ಇರಬಾರದೆಂದು ಕುಸುಮಮ್ಮ ಮೊದಲು ಅದನ್ನು ಮರೆಮಾಡಿದಳು. ಆಮೇಲೆ ಬರೆದಳು: "ಏನಿದ್ದರೂ ದಯವಿಟ್ಟು ಇಲ್ಲೇ ಹೇಳಿ ಸಾರ್."

ಚಪಾತಿ ಲಟ್ಟಿಸುತ್ತಿದ್ದ ಕೀರ್ತನಾ ಅಡುಗೆಮನೆಯಿಂದಲೇ ಕೂಗಿದಳು. "ಒಂದ್ ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತಮ್ಮ?"

"ಇವತ್ತು ಇವರಿಗೆ ಮಾಡಿದ್ರೆ, ನಾಳೆ ಮೇಷ್ಟ್ರು ನಂಗ್ಯಾಕ್ ಮಾಡ್ಲಿಲ್ಲ ಅಂತಾರೆ."

"ಮೇಷ್ಟ್ರಿಗೂ ಮಾಡು. ವರ್ಷಾನುಗಟ್ಟಲೆ ಅದನ್ನೇ ತಾನೆ ಮಾಡಿದ್ದು ನೀನು?"

"ಅದಕ್ಕೇ ಹೇಳೋದು, ಬೇಡ ಅಂತ."

ಮರುದಿನ ಬೇರೆ ಬೇರೆಯವರು ಅಳಿಸಿದಂತೆಲ್ಲ ತಿಮ್ಮಯ್ಯನವರು ಬೆಳಗಿನಿಂದ ಸಂಜೆಯೊಳಗೆ ಏಳು ಸಲ ಕಸ್ತೂರೆವ್ವನ ಹೆಸರು ಸೇರಿಸಿದರು. ಒಂದೇ ತಿದ್ದುಪಡಿಯನ್ನು ದಿನಕ್ಕೆ ಮೂರು ಸಲ ಮೀರಿ ಮಾಡಿದರೆ ಹೊರಗಿಡಬೇಕು ಎನ್ನುವುದು ನಿಯಮ. ಕುಸುಮಮ್ಮ ಒಂದು ವಾರ ಅವರ ಖಾತೆಗೆ ತಡೆ ಹಾಕಿದಳು. ಸಿಟ್ಟಿನಿಂದ ಹಾಕಿದ್ದಲ್ಲ. ವಾರ ಕಳೆದರೆ ಅಜ್ಜನ ಹಟ ತಣ್ಣಗಾದೀತು, ಆಮೇಲೆ ನಿಧಾನವಾಗಿ ಮಾತಾಡಿಸೋಣ ಎಂದುಕೊಂಡಳು.

ವಾರ ಕಳೆಯಿತು, ತಡೆ ತಾನಾಗಿ ತೆರೆಯಿತು. ತಿಮ್ಮಯ್ಯನವರು ಬರಲಿಲ್ಲ. ಒಂಬತ್ತನೆಯ ದಿನ ಇಲ್ಲ, ಹತ್ತನೆಯ ದಿನವೂ ಇಲ್ಲ. ಬೈಯುವುದಕ್ಕಾದರೂ ಬರಬೇಕಿತ್ತಲ್ಲ ಎಂದುಕೊಂಡಳು. ಮರೆಮಾಡಿದ್ದನ್ನು ನಿರ್ವಾಹಕರು ನೋಡಬಹುದು. ನಂಬರು ತೆಗೆದು, ಹನ್ನೆರಡನೆಯ ದಿನ ಫೋನ್ ಮಾಡಿದಳು.

ಎತ್ತಿದ್ದು ಒಬ್ಬ ಹೆಂಗಸು. ಹಲೋ ಅಂದ ದನಿಯಲ್ಲೇ ಕುಸುಮಮ್ಮನಿಗೆ ತಿಳಿದುಹೋಯಿತು. ಸೂತಕದ ಮನೆಯ ದನಿ ಅದು.

"ಮಾವ ಹೋಗ್ಬಿಟ್ರು ಮೇಡಂ. ಇವತ್ತಿಗೆ ಏಳು ದಿನ. ತಾವು ಯಾರು?"

ಮರುದಿನವೇ ಆಟೋ ಹಿಡಿದು ಬಾಪೂಜಿ ನಗರಕ್ಕೆ ಹೋದಳು. ಒಬ್ಬರು ನಡೆದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಂಥ ಓಣಿ, ಎರಡನೆಯ ಮಹಡಿ. ತಿಮ್ಮಯ್ಯನವರ ಸೊಸೆ ಶುಭಾ ಬಾಗಿಲು ತೆರೆದಳು.

"ನೀವೇನಾ ಆ ಮೇಡಂ?" ಎಂದಳು. ಬೈಗುಳವೂ ಅಲ್ಲ, ಮರ್ಯಾದೆಯೂ ಅಲ್ಲ ಅನ್ನುವಂಥ ಮಾತು. "ಮಾವಂಗೆ ಡಯಾಲಿಸಿಸ್ ಆಗ್ತಿತ್ತು. ನನ್ನ ಮೊಬೈಲಲ್ಲೇ ಒಂದೊಂದೇ ಅಕ್ಷರ ಒತ್ತೋರು. ನೀವು ಬಾಗಿಲು ಹಾಕಿದ್ಮೇಲೂ ದಿನಾ ಬೆಳಗ್ಗೆ ಒತ್ತಿ ನೋಡೋರು. ಆಗಲ್ಲ ಅಂತ ಕೆಂಪಕ್ಷರ ಬರೋದು. ಇನ್ನೂ ತೆಗ್ದಿಲ್ಲ ಕಣಮ್ಮ, ಇನ್ನೂ ತೆಗ್ದಿಲ್ಲ ಅನ್ನೋರು. ಐದು ದಿನ ಹಂಗೇ ನೋಡಿದ್ರು. ಆರನೇ ದಿನ ಏಳ್ಲೇ ಇಲ್ಲ."

ಕುಸುಮಮ್ಮ ಚಾಪೆಯ ಮೇಲೆ ಕೂತಳು. "ಆ ಕಸ್ತೂರೆವ್ವ ಯಾರಮ್ಮ?"

ಶುಭಾ ಹೇಳಿದಳು. ಮಿಲ್ಲಿನಲ್ಲಿ ಕಾಯಂ ಆಳು ಬಾರದ ದಿನ ಬದಲಿ ಆಳನ್ನು ಒಳಗೆ ಬಿಡುತ್ತಿದ್ದರು. ಬದಲಿಯವರಿಗೂ ಪುಸ್ತಕ ಇತ್ತು, ಆದರೆ ಹೊಸಬರನ್ನು ಬರೆಸಲು ಸಾಹೇಬರ ಸಹಿ ಬೇಕು. ಅದು ತಾಪತ್ರಯವೆಂದು ತಿಮ್ಮಯ್ಯ ಕಾಯಂ ಆಳಿನ ಟೋಕನ್ನನ್ನೇ ಬದಲಿಯವರ ಕೈಗೆ ಕೊಟ್ಟು, ಕಾಯಂ ಆಳಿನ ಹೆಸರಿಗೇ ಹಾಜರಿ ಹಾಕಿಬಿಡುತ್ತಿದ್ದರು. ಆ ದಿನ ಕೋಕಿಲಾ ಅನ್ನುವವಳು ಬಂದಿರಲಿಲ್ಲ. ಬಡಗಣ ಸೀಮೆಯಿಂದ ಬಂದು ಗೇಟಿನ ಮುಂದೆ ದಿನವೂ ಕಾದು ನಿಲ್ಲುತ್ತಿದ್ದ ಕಸ್ತೂರೆವ್ವ, "ಅಣ್ಣಾರ, ಇವತ್ತರ ನನ್ನ ಒಳಗ ಬಿಡ್ರೀ" ಎಂದು ಕೈಮುಗಿದಳು. ತಿಮ್ಮಯ್ಯ ಕೋಕಿಲಳ ಟೋಕನ್ ಕೊಟ್ಟು ಒಳಗೆ ಬಿಟ್ಟರು. ಮಧ್ಯಾಹ್ನ ಬಾಯ್ಲರ್ ಸಿಡಿಯಿತು. ಮೂವರು ಅಲ್ಲೇ ಸತ್ತರು, ಪತ್ರಿಕೆಯಲ್ಲಿ ಬಂದದ್ದು ಅವರೇ. ಸುಟ್ಟ ಕಸ್ತೂರೆವ್ವನನ್ನು ಅವಳ ಕಡೆಯವರು ಊರಿಗೆ ಒಯ್ದರು, ನಾಲ್ಕನೆಯ ದಿನ ಅಲ್ಲೇ ಹೋದಳು. ಕೋಕಿಲಾ ಮನೆಯಲ್ಲಿ ಗಟ್ಟಿಯಾಗಿದ್ದಳು. ಆ ಮೂವರನ್ನು ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಒಬ್ಬರೂ ಕಡಿಮೆ ಇರಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತದೆ ಎಂದು ತಿಮ್ಮಯ್ಯ ಬಾಯಿ ಬಿಡಲಿಲ್ಲ.

"ಅದನ್ನ ಎಲ್ಲರೆದುರು ಹೆಂಗೆ ಬರೀಲಿ ಅನ್ನೋರು," ಎಂದಳು ಶುಭಾ. "ಆಯಮ್ಮ ಫೋನ್ ಮಾಡ್ಲಿ, ಹೇಳ್ಬಿಡ್ತೀನಿ ಅನ್ನೋರು. ಫೋನ್ ರಿಂಗಾದ್ರೆ ಸಾಕು, ನಿಮ್ದೇನೋ ಅಂತ ತಲೆ ಎತ್ತೋರು."

ಆಮೇಲೆ ಶುಭಾ ಕೇಳಿದಳು. "ಈಗ ಹಾಕ್ತೀರಾ ಆ ಹೆಸರು?"

ಹೂಂ ಅಂದುಬಿಡಬಹುದಿತ್ತು. ಆದರೆ ಶುಭಾ ಹೇಳಿದ್ದೂ ಬಾಯಿಮಾತೇ. ಹಾಕಿದರೆ ನಾಳೆ ಇನ್ನೊಬ್ಬರು ಅಳಿಸುತ್ತಾರೆ, ಅಳಿಸುವವರದು ತಪ್ಪೂ ಅಲ್ಲ.

"ಆಗಲ್ಲಮ್ಮ," ಎಂದಳು ಕುಸುಮಮ್ಮ.

"ಹಂಗಾದ್ರೆ ಯಾಕ್ ಬಂದ್ರಿ?"

ಕುಸುಮಮ್ಮ ತಲೆ ತಗ್ಗಿಸಿಕೊಂಡು, "ನೀನು ಹೇಳಿದ್ದನ್ನ ಚರ್ಚೆಯ ಪುಟದಲ್ಲಿ ಬರೀಲಾ? ನೀನು ಬೇಡ ಅಂದ್ರೆ ಬೇಡ," ಎಂದು ಕೇಳಿದಳು.

ಶುಭಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬರೀರಿ. ಮಾವನ ತಪ್ಪನ್ನೂ ಬರೀರಿ. ಇನ್ಯಾರು ಅವರನ್ನ ಕೆಲಸದಿಂದ ತೆಗೀತಾರೆ?"

ಕುಸುಮಮ್ಮ ಎಲ್ಲವನ್ನೂ ಬರೆದಳು. ಫೋನ್ ಮಾಡಿ ಎಂದು ಅವರು ಕೇಳಿದ್ದನ್ನು, ತಾನು ಮಾಡದೆ ಹೋದದ್ದನ್ನು ಕೂಡ ಬಿಡಲಿಲ್ಲ. ವೆಂಕಟಗಿರಿ ಮೇಷ್ಟ್ರದು ನಾಲ್ಕು ದಿನ ಸುದ್ದಿಯಿಲ್ಲ. ರಜೆ ಹಾಕಿ ಹಳೆಯ ಪತ್ರಿಕೆಗಳನ್ನು ಇಟ್ಟಿರುವ ಕಡೆಗೆಲ್ಲ ಹೋಗಿ ಹುಡುಕಿದ್ದರಂತೆ. ಕಸ್ತೂರೆವ್ವ ಎಲ್ಲೂ ಇರಲಿಲ್ಲ. ಐದನೆಯ ದಿನ ಬರೆದರು: "ಮೇಡಂ, ಹೆಸರು ಹಾಕಲು ಆಧಾರ ಸಿಗಲಿಲ್ಲ. ಆದರೆ ಮೂರೇ ಜನ ಅಂತ ಆಣೆ ಮಾಡಿ ಹೇಳಲು ಈಗ ನನ್ನಿಂದ ಆಗುತ್ತಿಲ್ಲ. ಪತ್ರಿಕೆಗಳ ಪ್ರಕಾರ ಮೂವರು ಎಂದು ತಿದ್ದೋಣವೇ?"

ಕುಸುಮಮ್ಮ ಒಪ್ಪಿದಳು. ಬಾಯ್ಲರ್ ಸಿಡಿದು ಮೂವರು ಸತ್ತರು ಎಂದಿದ್ದ ವಾಕ್ಯ, ಬಾಯ್ಲರ್ ಸಿಡಿದು ಪತ್ರಿಕೆಗಳ ಪ್ರಕಾರ ಮೂವರು ಸತ್ತರು ಎಂದಾಯಿತು. ಅದನ್ನು ಶುಭಾಳ ಮೊಬೈಲಿಗೆ ಕಳಿಸಿದಳು.

"ಇಷ್ಟೇನಾ ಮೇಡಂ?" ಎಂದು ಬಂತು.

"ಇಷ್ಟೇ ಕಣಮ್ಮ," ಎಂದು ಬರೆದು, ಲ್ಯಾಪ್‌ಟಾಪ್ ಮುಚ್ಚದೆ ಹಾಗೇ ಕೂತಿದ್ದಳು, ಕೀರ್ತನಾ ಬಂದು ದೀಪ ಹಾಕುವವರೆಗೆ.